ಛಾಯಾಚಿತ್ರೀಕರಣದಲ್ಲಿ ಸಂಗೀತ: ಫಲ, ವೆಚ್ಚ ಮತ್ತು ಹೊಣೆ

ಜವಳಿ ಅಂಗಡಿಯ ಮಾಲೀಕರೊಬ್ಬರು ದೀಪಾವಳಿಯ ಮಾರಾಟಕ್ಕಾಗಿ ಹೊಸ ಕ್ಯಾಟಲಾಗ್ ಹೊರತರಲು ನಿರ್ಧರಿಸಿದ್ದಾರೆಂದು ಭಾವಿಸಬಹುದು. ವೃತ್ತಿಪರ ರೂಪದರ್ಶಿಗಳ ಸಂಭಾವನೆ ದುಬಾರಿ. ಆದುದರಿಂದ ಅಂಗಡಿಯಲ್ಲಿ ಇಪ್ಪತ್ತು ವರ್ಷಗಳಿಂದ ಸೀರೆ ತೋರಿಸುತ್ತಿರುವ ಮಹಿಳೆ ಮತ್ತು ಆ ಸೀರೆಗಳನ್ನು ನೇಯ್ದ ನೇಕಾರರೇ ಚಿತ್ರಗಳಲ್ಲಿ ಕಾಣಿಸಿಕೊಳ್ಳಲಿ ಎಂಬುದು ಅವರ ಅಪೇಕ್ಷೆ. ಛಾಯಾಗ್ರಾಹಕರು ಬಂದಿದ್ದಾರೆ, ದೀಪಗಳು ಹೊತ್ತಿವೆ, ಬಾಡಿಗೆಯ ಗಡಿಯಾರ ಓಡುತ್ತಿದೆ. ಆದರೆ ದಿನವಿಡೀ ಗಿರಾಕಿಗಳೊಡನೆ ನಗುನಗುತ್ತಾ ಮಾತನಾಡುವ ಆ ಮಹಿಳೆ ಕ್ಯಾಮೆರಾದ ಮುಂದೆ ನಿಂತೊಡನೆ ಮರಗಟ್ಟಿದಂತಾಗುತ್ತಾರೆ. ಹೆಗಲು ಬಿಗಿಯುತ್ತದೆ, ಕೈಗಳನ್ನು ಎಲ್ಲಿಡಬೇಕೆಂದು ತೋಚುವುದಿಲ್ಲ, 'ನಗಿ' ಎಂದಷ್ಟೂ ಮುಖ ಗಂಭೀರವಾಗುತ್ತದೆ. ಗಂಟೆ ಕಳೆದರೂ ಬಳಸಬಹುದಾದ ಒಂದು ಚಿತ್ರವೂ ದೊರೆಯುವುದಿಲ್ಲ.

ಇಂತಹ ಸಂದರ್ಭ ಇಂದು ಅಪರೂಪವಲ್ಲ. ಹಿಂದೆ ವರ್ಷಕ್ಕೊಂದು ಕ್ಯಾಲೆಂಡರ್ ಮುದ್ರಿಸಿದರೆ ಸಣ್ಣ ವರ್ತಕರ ಪ್ರಚಾರ ಕಾರ್ಯ ಮುಗಿಯುತ್ತಿತ್ತು. ಈಗ ಆನ್‌ಲೈನ್ ಮಳಿಗೆ, ವಾಟ್ಸಾಪ್ ಪಟ್ಟಿ, ವಸ್ತುಪ್ರದರ್ಶನದ ಫಲಕ ಎಲ್ಲಕ್ಕೂ ಹೊಸ ಹೊಸ ಛಾಯಾಚಿತ್ರಗಳು ಬೇಕು. ಕ್ಯಾಮೆರಾ, ದೀಪ, ಪರದೆಗಳಿಗೆ ಧಾರಾಳವಾಗಿ ವ್ಯಯಿಸುವ ಉದ್ಯಮಿಗಳು ಚಿತ್ರದಲ್ಲಿರುವ ವ್ಯಕ್ತಿಯ ಮನಸ್ಸಿನ ನೆಮ್ಮದಿಗೆ ಮಾತ್ರ ಏನನ್ನೂ ಮೀಸಲಿಡುವುದಿಲ್ಲ. ಈ ಕೊರತೆಯನ್ನು ಕಡಿಮೆ ವೆಚ್ಚದಲ್ಲಿ ತುಂಬಬಲ್ಲ ಸಾಧನಗಳಲ್ಲಿ ಸಂಗೀತವೂ ಒಂದು. ಆದರೆ ಯಾವುದೋ ಹಾಡು ಹಾಕಿಬಿಟ್ಟರೆ ಕೆಲಸ ಆಗುವುದಿಲ್ಲ. ಸಂಗೀತ ಯಾರಿಗಾಗಿ, ಅದನ್ನು ಯಾವಾಗ ನಿಲ್ಲಿಸಬೇಕು, ಅದು ಯಾರ ಸ್ವತ್ತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡವರಿಗೆ ಮಾತ್ರ ಅದು ಲಾಭ ತರುತ್ತದೆ.

ಹಳೆಯ ರೂಢಿ

ಕ್ಯಾಮೆರಾದ ಮುಂದೆ ಕುಳಿತವರನ್ನು ಸಮಾಧಾನಪಡಿಸುವ ಸಮಸ್ಯೆ ಛಾಯಾಗ್ರಹಣದಷ್ಟೇ ಹಳೆಯದು. 1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರ್ ಅವರ ವಿಧಾನ ಪ್ರಕಟವಾದ ಬಳಿಕ ಆರಂಭಗೊಂಡ ಭಾವಚಿತ್ರ ಶಾಲೆಗಳಲ್ಲಿ ಗಿರಾಕಿಗಳು ಬಹಳ ಹೊತ್ತು ಅಲುಗಾಡದೆ ಕುಳಿತಿರಬೇಕಾಗಿತ್ತು. ತಲೆ ಅಲುಗದಂತೆ ಹಿಂಬದಿಯಲ್ಲಿ ಕಬ್ಬಿಣದ ಆಧಾರವೊಂದನ್ನು ನಿಲ್ಲಿಸಲಾಗುತ್ತಿತ್ತು. ಆ ಕಾಲದ ಭಾವಚಿತ್ರಗಳಲ್ಲಿ ಕಾಣುವ ಬಿಗುವಿಗೆ ಇದೂ ಒಂದು ಕಾರಣ. ಮಕ್ಕಳ ಗಮನ ಸೆಳೆಯಲು ಸಿಳ್ಳು ಹಾಕುವ ಹಿತ್ತಾಳೆಯ ಹಕ್ಕಿಗಳು ಮುಂದೆ ಬಳಕೆಗೆ ಬಂದವು. 'ಹಕ್ಕಿಯನ್ನು ನೋಡು' ಎಂಬ ಇಂಗ್ಲಿಷ್ ಛಾಯಾಗ್ರಾಹಕರ ವಾಡಿಕೆಯ ಮಾತಿಗೂ ಈ ಹಕ್ಕಿಗೂ ನಂಟಿದೆ.

ಸಂಗೀತವನ್ನು ಉದ್ದೇಶಪೂರ್ವಕವಾಗಿ ಬಳಸಿದವರು ಅಮೆರಿಕದ ಮೂಕಿ ಚಿತ್ರಗಳ ತಯಾರಕರು. 1915ರಲ್ಲಿ ಸೆಸಿಲ್ ಬಿ. ಡಿಮಿಲ್ ನಿರ್ದೇಶಿಸಿದ 'ಕಾರ್ಮೆನ್' ಚಿತ್ರದಲ್ಲಿ ಅಭಿನಯಿಸಿದ ಜೆರಾಲ್ಡಿನ್ ಫರಾರ್ ಮೂಲತಃ ಒಪೆರಾ ಗಾಯಕಿ. ಚಿತ್ರೀಕರಣದ ವೇಳೆ ಸಂಗೀತ ನುಡಿಸುವ ಪದ್ಧತಿಗೆ ಅವರ ಹೆಸರು ತಳಕು ಹಾಕಿಕೊಂಡಿದೆ. ಮುಂದೆ ಪಿಟೀಲು, ಕಿರು ಆರ್ಗನ್ ನುಡಿಸುವವರನ್ನು ಚಿತ್ರೀಕರಣದ ಸ್ಥಳದಲ್ಲೇ ನೇಮಿಸಿಕೊಳ್ಳುವುದು ಅಲ್ಲಿ ಸಾಮಾನ್ಯ ರೂಢಿಯಾಯಿತು. ಶೋಕದ ದೃಶ್ಯಕ್ಕೆ ಒಂದು ರಾಗ, ಉಲ್ಲಾಸದ ದೃಶ್ಯಕ್ಕೆ ಇನ್ನೊಂದು. ಆ ಸಂಗೀತ ಪ್ರೇಕ್ಷಕರ ಕಿವಿಗೆ ಎಂದೂ ಬೀಳುತ್ತಿರಲಿಲ್ಲ. ನಟರ ಮುಖದ ಮೇಲೆ ಮಾತ್ರ ಕಾಣುತ್ತಿತ್ತು. 1927ರ ನಂತರ ಮಾತನಾಡುವ ಚಿತ್ರಗಳು ನೆಲೆಯೂರಿದಾಗ ಧ್ವನಿಮುದ್ರಣಕ್ಕಾಗಿ ಚಿತ್ರೀಕರಣದ ಸ್ಥಳ ನಿಶ್ಶಬ್ದವಾಗಿರಬೇಕಾಯಿತು, ವಾದ್ಯಗಾರರು ಕೆಲಸ ಕಳೆದುಕೊಂಡರು.

ಸ್ಥಿರಚಿತ್ರದ ಕ್ಯಾಮೆರಾಕ್ಕೆ ಕಿವಿಯಿಲ್ಲ. ಮೂಕಿ ಚಿತ್ರಗಳ ತಯಾರಕರಿಗಿದ್ದ ಆ ಸೌಲಭ್ಯ ಇಂದಿಗೂ ಸ್ಥಿರ ಛಾಯಾಗ್ರಹಣದಲ್ಲಿ ಉಳಿದಿದೆ. ಈ ಸೌಲಭ್ಯ ಎಲ್ಲಿ ಕೊನೆಗೊಳ್ಳುತ್ತದೆ ಎಂಬುದನ್ನು ಕಾನೂನಿನ ಭಾಗದಲ್ಲಿ ವಿವರಿಸಲಾಗಿದೆ.

ಸಂಗೀತ ಏಕೆ ಫಲಕಾರಿ?

ಕೃತಕ ನಗುವಿಗೂ ನಿಜವಾದ ನಗುವಿಗೂ ಇರುವ ವ್ಯತ್ಯಾಸವನ್ನು ಫ್ರಾನ್ಸಿನ ವೈದ್ಯ ದುಷೆನ್ 1862ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದರು. ಬಾಯಿಯ ಅಂಚನ್ನು ಮೇಲೆತ್ತುವ ಸ್ನಾಯು ನಮ್ಮ ಇಚ್ಛೆಗೆ ಮಣಿಯುತ್ತದೆ. ಕಣ್ಣಿನ ಸುತ್ತಲಿನ ಸ್ನಾಯು ಬಹುತೇಕರಲ್ಲಿ ಅಷ್ಟು ಸುಲಭವಾಗಿ ಆಜ್ಞೆಗೆ ಒಳಪಡುವುದಿಲ್ಲ, ಸಂತೋಷಕ್ಕೆ ಮಾತ್ರ ಸ್ಪಂದಿಸುತ್ತದೆ. 'ನಗಿ' ಎಂದು ಹೇಳಿ ಪಡೆದ ಚಿತ್ರದಲ್ಲಿ ಬಾಯಿ ನಗುತ್ತಿದ್ದರೂ ಕಣ್ಣು ನಗದಿರುವುದು ಇದರಿಂದಲೇ. ಗಿರಾಕಿಗಳಿಗೆ ಕಾರಣ ತಿಳಿಯದಿದ್ದರೂ ಕೊರತೆ ಗೋಚರಿಸುತ್ತದೆ. ಆದುದರಿಂದ ಆಜ್ಞೆಯಿಂದ ದೊರೆಯದ ನಗುವನ್ನು ವಾತಾವರಣದಿಂದ ಪಡೆಯಬೇಕು.

ಸಂಗೀತ ದೇಹದ ಮೇಲೆ ಉಂಟುಮಾಡುವ ಪರಿಣಾಮಗಳನ್ನು ಇಟಲಿಯ ಪವಿಯಾದ ಬರ್ನಾರ್ಡಿ ಮತ್ತು ಸಹಸಂಶೋಧಕರು 24 ಮಂದಿಯಲ್ಲಿ ಪರೀಕ್ಷಿಸಿ 2006ರಲ್ಲಿ 'ಹಾರ್ಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರಲ್ಲಿ ಅರ್ಧದಷ್ಟು ಮಂದಿ ಸಂಗೀತಗಾರರು, ಉಳಿದವರು ಸಂಗೀತ ಕಲಿಯದವರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ರಾಕ್, ಟೆಕ್ನೋ ಮತ್ತು ಭಾರತೀಯ ರಾಗ ಸಂಗೀತವನ್ನು ಅವರಿಗೆ ಕೇಳಿಸಲಾಯಿತು. ಲಯದ ವೇಗ ಹೆಚ್ಚಿದಂತೆ ಉಸಿರಾಟ, ಹೃದಯದ ಬಡಿತ ಮತ್ತು ರಕ್ತದೊತ್ತಡ ಹೆಚ್ಚಿದವು. ಸಂಗೀತದ ಪ್ರಕಾರಕ್ಕಿಂತ ಲಯದ ವೇಗವೇ ಮುಖ್ಯವೆಂದು ಕಂಡುಬಂತು. ಇನ್ನೂ ಗಮನಾರ್ಹವಾದ ಸಂಗತಿಯೆಂದರೆ, ನಡುವೆ ಸೇರಿಸಿದ್ದ ಎರಡು ನಿಮಿಷಗಳ ಮೌನದಲ್ಲಿ ದೇಹ ಆರಂಭದ ಸ್ಥಿತಿಗಿಂತಲೂ ಹೆಚ್ಚಿನ ವಿಶ್ರಾಂತಿ ಪಡೆಯಿತು. ಅಧ್ಯಯನ ಚಿಕ್ಕದು, ಅದು ಛಾಯಾಗ್ರಹಣವನ್ನು ಕುರಿತದ್ದೂ ಅಲ್ಲ. ಆದರೂ ಸಂಗೀತವನ್ನು ನಿಲ್ಲಿಸುವುದೂ ಸಂಗೀತ ಬಳಕೆಯ ಒಂದು ಭಾಗವೆಂಬ ಪಾಠ ಅದರಲ್ಲಿದೆ.

ಲಯದ ವೇಗ ಜನರ ನಡೆಯನ್ನು ಬದಲಿಸುತ್ತದೆಂಬುದು ವ್ಯಾಪಾರ ಕ್ಷೇತ್ರಕ್ಕೂ ಹೊಸದಲ್ಲ. ರೊನಾಲ್ಡ್ ಮಿಲಿಮನ್ 1982ರಲ್ಲಿ ಅಮೆರಿಕದ 'ಜರ್ನಲ್ ಆಫ್ ಮಾರ್ಕೆಟಿಂಗ್'ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸೂಪರ್ ಮಾರುಕಟ್ಟೆಯೊಂದರಲ್ಲಿ ನಿಧಾನ ಲಯದ ಸಂಗೀತವಿದ್ದ ದಿನಗಳಲ್ಲಿ ಗಿರಾಕಿಗಳು ನಿಧಾನವಾಗಿ ನಡೆದರು. ವೇಗದ ಸಂಗೀತವಿದ್ದ ದಿನಗಳಿಗಿಂತ ಮಾರಾಟವೂ ಶೇ. 38ರಷ್ಟು ಹೆಚ್ಚಾಗಿತ್ತು.

ಕಾರ್ಖಾನೆಗಳ ಅನುಭವವೂ ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರ ಜೂನ್ 23ರಂದು, ಬಿಬಿಸಿ ಕಾರ್ಮಿಕರಿಗಾಗಿ 'ಮ್ಯೂಸಿಕ್ ವೈಲ್ ಯು ವರ್ಕ್' ಎಂಬ ಕಾರ್ಯಕ್ರಮ ಆರಂಭಿಸಿತು. ಯಾವ ಹಾಡು ಕೆಲಸಕ್ಕೆ ನೆರವಾಗುತ್ತದೆ, ಯಾವುದು ಅಡ್ಡಿಯಾಗುತ್ತದೆ ಎಂಬುದರ ಬಗ್ಗೆ ಅದು ಎಚ್ಚರ ವಹಿಸುತ್ತಿತ್ತು. ಚಪ್ಪಾಳೆಯಿರುವ ಜನಪ್ರಿಯ ಹಾಡೊಂದನ್ನು ಕೈಬಿಡಲಾಯಿತು. ಅದು ಬಂದೊಡನೆ ಕಾರ್ಮಿಕರು ಕೆಲಸ ಬಿಟ್ಟು ತಾಳ ಹಾಕುತ್ತಾರೆ ಎಂಬುದು ಕಾರಣ. ಉತ್ಸಾಹ ತುಂಬುವ ಹಾಡೆಲ್ಲ ಕೆಲಸಕ್ಕೆ ಒದಗುವ ಹಾಡಲ್ಲ.

ಹಾಡನ್ನು ಆರಿಸಬೇಕಾದವರು ಯಾರು?

ಚಿತ್ರೀಕರಣದ ಕೊಠಡಿಯಲ್ಲಿ ಸಾಮಾನ್ಯವಾಗಿ ಛಾಯಾಗ್ರಾಹಕರ ಅಥವಾ ಅವರ ಸಹಾಯಕರ ಮೊಬೈಲಿನಲ್ಲಿರುವ ಹಾಡುಗಳೇ ಮೊಳಗುತ್ತವೆ. ಮೂಲ ದೋಷವಿರುವುದು ಇಲ್ಲಿಯೇ. ಐವತ್ತು ದಾಟಿದ ನೇಕಾರರ ಮುಂದೆ ಅಬ್ಬರದ ಹಿಂದಿ ಗೀತೆ ಹಾಕಿದರೆ ಹುಡುಗರ ಕೈಕಾಲು ಕುಣಿಯಬಹುದು, ಆದರೆ ನೇಕಾರರಿಗೆ ತಾವು ಪರಕೀಯರೆಂಬ ಭಾವನೆ ಬಲವಾಗುತ್ತದೆ. ಚಿತ್ರದಲ್ಲಿ ಕಾಣಿಸಿಕೊಳ್ಳುವವರು ಅವರು. ಆದುದರಿಂದ ಆಯ್ಕೆಯ ಹಕ್ಕೂ ಅವರದೇ ಆಗಿರಬೇಕು. ಹಿಂದಿನ ದಿನವೇ 'ತಮಗೆ ಯಾವ ಹಾಡು ಇಷ್ಟ?' ಎಂದು ಕೇಳುವುದರಲ್ಲಿ ಖರ್ಚಿಲ್ಲ. ಆ ಪ್ರಶ್ನೆಯೇ ಅರ್ಧ ಅಂಜಿಕೆಯನ್ನು ನಿವಾರಿಸುತ್ತದೆ. ನೌಕರರಿಗೆ ತಮ್ಮ ಮಾತಿಗೂ ಅಲ್ಲಿ ಬೆಲೆಯಿದೆಯೆಂಬ ಭರವಸೆ ಮೂಡುತ್ತದೆ. ಒಬ್ಬರು ದಾಸರ ಪದ ಕೇಳಬಹುದು, ಮತ್ತೊಬ್ಬರು ಹಳೆಯ ಚಿತ್ರಗೀತೆ, ಮಗದೊಬ್ಬರು ಕೊಳಲಿನ ನಾದ. ಕೆಲವರು 'ಏನೂ ಬೇಡ' ಎನ್ನಬಹುದು. ಆ ಉತ್ತರವನ್ನೂ ಗೌರವಿಸುವುದು ಯೋಗ್ಯ.

ದಿನದ ಕ್ರಮ ಹೀಗಿದ್ದರೆ ಅನುಕೂಲ. ಬಂದವರು ಬಟ್ಟೆ ಬದಲಿಸಿ ಅಲಂಕಾರ ಮಾಡಿಕೊಳ್ಳುವಾಗ ಅವರಿಗೆ ಪರಿಚಿತವಾದ, ಮಂದ ಲಯದ ಸಂಗೀತವಿರಲಿ. ದೀಪಗಳನ್ನು ಸರಿಪಡಿಸಲು ತೆಗೆಯುವ ಮೊದಲ ಚಿತ್ರಗಳ ವೇಳೆಯಲ್ಲೂ ಅದೇ ಮುಂದುವರಿಯಲಿ. ನಡೆಯುವ, ತಿರುಗುವ, ಸೆರಗು ಬೀಸುವ ಚಿತ್ರಗಳು ಬೇಕಾದಾಗ ಲಯ ಸ್ವಲ್ಪ ಚುರುಕಾಗಲಿ. ಗುಂಪು ಚಿತ್ರಕ್ಕೆ ಎಲ್ಲರಿಗೂ ಗೊತ್ತಿರುವ ಹಾಡು ಉತ್ತಮ. ಸಮೀಪದ ಮುಖಚಿತ್ರಕ್ಕೆ ಮುನ್ನ ಸಂಗೀತ ನಿಲ್ಲಿಸಿ ಎರಡು ನಿಮಿಷ ಸುಮ್ಮನಿರುವುದು ಒಳ್ಳೆಯದು. ಆ ಮೌನದಲ್ಲಿ ಮುಖ ತನ್ನ ಸಹಜ ಸ್ಥಿತಿಗೆ ಮರಳುತ್ತದೆ.

ಧ್ವನಿಯ ಮಟ್ಟವೂ ಮುಖ್ಯ. ಛಾಯಾಗ್ರಾಹಕರ ಸೂಚನೆ ಕೂಗದೆಯೇ ಕೇಳಿಸಬೇಕು. ಕೂಗಿ ಹೇಳಿದ ಸೂಚನೆ ಗದರಿಕೆಯಂತೆ ತೋರುತ್ತದೆ. ಹಾಡುಗಳ ನಡುವೆ ಜಾಹೀರಾತು ನುಸುಳದಂತೆ, ಕರೆ ಬಂದಾಗ ಮೊಬೈಲು ಬಡಿದುಕೊಳ್ಳದಂತೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಬೇಕು. ನುಡಿಸುವ ಮತ್ತು ನಿಲ್ಲಿಸುವ ಹೊಣೆ ಒಬ್ಬರಿಗೇ ಇರಲಿ.

ಲೆಕ್ಕದ ದೃಷ್ಟಿ

ಭಾವನೆಯ ವಿಷಯವೆಂದು ಇದನ್ನು ಲೆಕ್ಕದ ಹೊರಗಿಡಬೇಕಾಗಿಲ್ಲ. ನಿದರ್ಶನಕ್ಕಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳಬಹುದು. ಛಾಯಾಗ್ರಾಹಕರು, ದೀಪ, ಸ್ಥಳದ ಬಾಡಿಗೆ, ಅಲಂಕಾರ ಎಲ್ಲ ಸೇರಿ ದಿನದ ವೆಚ್ಚ 24,000 ರೂ. ಎಂದಿರಲಿ. 8 ಗಂಟೆ ಅಂದರೆ 480 ನಿಮಿಷಗಳ ಕೆಲಸಕ್ಕೆ ಪ್ರತಿ ನಿಮಿಷದ ವೆಚ್ಚ 50 ರೂ. ಕ್ಯಾಮೆರಾದ ಮುಂದೆ ಬರಬೇಕಾದವರು 8 ಮಂದಿ. ಪ್ರತಿಯೊಬ್ಬರೂ ಸಹಜ ಸ್ಥಿತಿಗೆ ಬರಲು 20 ನಿಮಿಷ ಬೇಕಾಗುತ್ತಿದ್ದುದು 12 ನಿಮಿಷಕ್ಕೆ ಇಳಿದರೆ, ಒಟ್ಟು 64 ನಿಮಿಷ ಅಂದರೆ 3,200 ರೂ. ಉಳಿಯುತ್ತದೆ.

ಇನ್ನು ಖರ್ಚು. 6,000 ರೂ. ಬೆಲೆಯ ಸ್ಪೀಕರ್ ತನ್ನ ಆಯುಷ್ಯದಲ್ಲಿ 12 ಚಿತ್ರೀಕರಣಗಳಿಗೆ ಒದಗಿದರೆ ಪ್ರತಿ ಬಾರಿಗೆ 500 ರೂ. ಸಂಗೀತದ ಪರವಾನಗಿ ಅಥವಾ ಖರೀದಿಗೆ 1,000 ರೂ. ಎಂದು ಹಿಡಿದರೆ ಒಟ್ಟು 1,500 ರೂ. ಉಳಿತಾಯದಲ್ಲಿ ಇದನ್ನು ಕಳೆದರೆ 1,700 ರೂ. ಲಾಭ. ಅಂದರೆ ದಿನಕ್ಕೆ 30 ನಿಮಿಷ ಉಳಿದರೆ ಖರ್ಚು ಸರಿದೂಗುತ್ತದೆ, ಅದಕ್ಕಿಂತ ಕಡಿಮೆ ಉಳಿದರೆ ನಷ್ಟ. ಚಿತ್ರಗಳು ಒಪ್ಪಿಗೆಯಾಗದೆ ಅರ್ಧ ದಿನದ ಮರುಚಿತ್ರೀಕರಣ ನಡೆಸಬೇಕಾಗಿ ಬಂದರೆ ತಗಲುವ 12,000 ರೂ. ಈ ಲೆಕ್ಕದಲ್ಲಿ ಸೇರಿಲ್ಲ.

ಇವು ಊಹೆಯ ಅಂಕಿಗಳು. ಪ್ರತಿಯೊಬ್ಬ ಉದ್ಯಮಿಯೂ ತನ್ನದೇ ಅಂಕಿಗಳನ್ನು ಸಂಗ್ರಹಿಸಿಕೊಳ್ಳಬೇಕು. ವಿಧಾನ ಸರಳ. ಪ್ರತಿ ವ್ಯಕ್ತಿಯೂ ಕ್ಯಾಮೆರಾದ ಮುಂದೆ ನಿಂತ ಸಮಯ, ಒಪ್ಪಿಗೆಯಾದ ಮೊದಲ ಚಿತ್ರದ ಸಮಯ, ತೆಗೆದ ಚಿತ್ರಗಳ ಸಂಖ್ಯೆ, ಅವುಗಳಲ್ಲಿ ಬಳಕೆಗೆ ಬಂದವುಗಳ ಸಂಖ್ಯೆ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ಸಾಕು. ಸಂಗೀತವಿದ್ದ ಮತ್ತು ಇಲ್ಲದ ಎರಡೆರಡು ಚಿತ್ರೀಕರಣಗಳ ಹಾಳೆಗಳನ್ನು ಹೋಲಿಸಿದರೆ ತಮ್ಮ ಉದ್ಯಮಕ್ಕೆ ಇದು ಒಗ್ಗುವುದೋ ಇಲ್ಲವೋ ಎಂಬುದರ ಸುಳಿವು ದೊರೆಯುತ್ತದೆ.

ಸಂಗೀತ ಯಾರ ಸ್ವತ್ತು?

ಅನೇಕ ವರ್ತಕರು ಎಡವುವುದು ಈ ಪ್ರಶ್ನೆಯಲ್ಲಿ. ಮೊಬೈಲಿನಲ್ಲಿ ಚಂದಾ ಕಟ್ಟಿ ಕೇಳುವ ಸಂಗೀತ ಸೇವೆಗಳು ಸಾಮಾನ್ಯವಾಗಿ ವೈಯಕ್ತಿಕ, ವಾಣಿಜ್ಯೇತರ ಬಳಕೆಗೆ ಮಾತ್ರ ಅನುಮತಿ ನೀಡುತ್ತವೆ. ಚಂದಾ ಕಟ್ಟಿದ ಮಾತ್ರಕ್ಕೆ ಅಂಗಡಿಯಲ್ಲಿ ಅಥವಾ ಸ್ಟುಡಿಯೋದಲ್ಲಿ ನುಡಿಸುವ ಹಕ್ಕು ಬರುವುದಿಲ್ಲ.

1957ರ ಹಕ್ಕುಸ್ವಾಮ್ಯ ಕಾಯಿದೆಯಡಿ ಒಂದು ಹಾಡಿನಲ್ಲಿ ಸಾಹಿತ್ಯ, ಸಂಗೀತ ಸಂಯೋಜನೆ, ಧ್ವನಿಮುದ್ರಿಕೆ ಎಂಬ ಬೇರೆ ಬೇರೆ ಸ್ವತ್ತುಗಳಿವೆ. ಸಾಹಿತ್ಯ ಮತ್ತು ಸಂಯೋಜನೆಯ ಹಕ್ಕು ಕರ್ತೃವಿನ ಮರಣಾನಂತರ 60 ವರ್ಷಗಳವರೆಗೆ ಉಳಿಯುತ್ತದೆ. ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. ಪುರಂದರದಾಸರ ಪದಕ್ಕೆ ಇಂದು ಯಾರ ಹಕ್ಕುಸ್ವಾಮ್ಯವೂ ಇಲ್ಲ. ಆದರೆ ಅದೇ ಪದವನ್ನು ಗಾಯಕರೊಬ್ಬರು ಹಾಡಿ 2005ರಲ್ಲಿ ಪ್ರಕಟಿಸಿದ ಧ್ವನಿಮುದ್ರಿಕೆಗೆ 2065ರ ಕೊನೆಯವರೆಗೂ ರಕ್ಷಣೆಯಿದೆ. 1960ರಲ್ಲಿ ಪ್ರಕಟವಾದ ಧ್ವನಿಮುದ್ರಿಕೆಯ ಹಕ್ಕು 2020ರ ಕೊನೆಗೆ ಮುಗಿದಿದೆ. 'ದೇವರನಾಮ ತಾನೇ, ಯಾರು ಕೇಳುತ್ತಾರೆ?' ಎಂಬ ಧೋರಣೆ ಅಪಾಯಕಾರಿ.

ಬಾಗಿಲು ಮುಚ್ಚಿದ ಕೊಠಡಿಯಲ್ಲಿ ನಾಲ್ಕೈದು ಮಂದಿಯ ನಡುವೆ ನುಡಿಸಿದ ಹಾಡು 'ಸಾರ್ವಜನಿಕರಿಗೆ ತಲುಪಿಸಿದ' ಹಾಡಾಗುತ್ತದೆಯೇ ಎಂಬುದು ಆಯಾ ಸಂದರ್ಭದ ಸಂಗತಿಗಳನ್ನು ಅವಲಂಬಿಸಿದ ಪ್ರಶ್ನೆ. ಗಿರಾಕಿಗಳು ಓಡಾಡುವ ಅಂಗಡಿಯಲ್ಲೇ ಚಿತ್ರೀಕರಣ ನಡೆದರೆ ಆ ವಾದಕ್ಕೆ ಬಲವಿರುವುದಿಲ್ಲ. ಮದುವೆಯ ಮೆರವಣಿಗೆ ಮತ್ತು ಅದಕ್ಕೆ ಸಂಬಂಧಿಸಿದ ಸಮಾರಂಭಗಳಿಗೆ ಕಾಯಿದೆಯ 52ನೆಯ ಪ್ರಕರಣದಲ್ಲಿ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಸಾರ್ವಜನಿಕ ಪ್ರಕಟಣೆಯ ಮೂಲಕ ಇದನ್ನು ನೆನಪಿಸಿದೆ. ಆದರೆ ಮದುವೆಗೆ ಮುನ್ನ ಸ್ಟುಡಿಯೋದಲ್ಲಿ ನಡೆಯುವ ವಧೂವರರ ಚಿತ್ರೀಕರಣಕ್ಕೂ ಇದು ತಾನಾಗಿಯೇ ಅನ್ವಯಿಸುತ್ತದೆಂದು ಸ್ಟುಡಿಯೋ ಮಾಲೀಕರು ಭಾವಿಸುವುದು ಸರಿಯಲ್ಲ. ಉಲ್ಲಂಘನೆಗೆ 63ನೆಯ ಪ್ರಕರಣ ವಿಧಿಸುವ ಶಿಕ್ಷೆ ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷಗಳವರೆಗಿನ ಕಾರಾಗೃಹವಾಸ ಮತ್ತು 50,000 ರೂ.ಗಳಿಂದ 2 ಲಕ್ಷ ರೂ.ಗಳವರೆಗಿನ ದಂಡ.

ಸಾಹಿತ್ಯ ಮತ್ತು ಸಂಯೋಜನೆಗಳಿಗೆ ಐಪಿಆರ್‌ಎಸ್, ಧ್ವನಿಮುದ್ರಿಕೆಗಳಿಗೆ ಆರ್‌ಎಂಪಿಎಲ್ ನೋಂದಾಯಿತ ಹಕ್ಕುಸ್ವಾಮ್ಯ ಸಂಘಗಳು. ನೋಂದಣಿಯಿಲ್ಲದ ಸಂಸ್ಥೆಗಳು ಪರವಾನಗಿ ನೀಡಬಹುದೇ ಎಂಬ ಬಗ್ಗೆ ಉಚ್ಚ ನ್ಯಾಯಾಲಯಗಳಲ್ಲಿ ಭಿನ್ನ ತೀರ್ಪುಗಳು ಬಂದಿವೆ. ಆದುದರಿಂದ ಹಣ ಪಾವತಿಸುವ ಮುನ್ನ, ಕೇಳುತ್ತಿರುವವರು ಯಾವ ಹಾಡುಗಳಿಗೆ, ಯಾವ ಅಧಿಕಾರದಿಂದ ಪರವಾನಗಿ ನೀಡುತ್ತಿದ್ದಾರೆಂಬುದನ್ನು ಲಿಖಿತವಾಗಿ ಪಡೆಯಬೇಕು.

ವಿಡಿಯೋ ಎಂಬ ತೊಡಕು

ಸ್ಥಿರ ಕ್ಯಾಮೆರಾಕ್ಕೆ ಕಿವಿಯಿಲ್ಲ, ಆದರೆ ಮೊಬೈಲಿಗಿದೆ. ಚಿತ್ರೀಕರಣ ನಡೆಯುವಾಗ ಸಹಾಯಕರೊಬ್ಬರು ತೆರೆಮರೆಯ ದೃಶ್ಯವೆಂದು ಅರ್ಧ ನಿಮಿಷದ ವಿಡಿಯೋ ತೆಗೆದು ಅಂಗಡಿಯ ಖಾತೆಯಲ್ಲಿ ಹಾಕುತ್ತಾರೆ. ಕೊಠಡಿಯಲ್ಲಿ ಮೊಳಗುತ್ತಿದ್ದ ಚಿತ್ರಗೀತೆಯೂ ಅದರಲ್ಲಿ ಸೇರಿಹೋಗಿರುತ್ತದೆ. ಅಲ್ಲಿಯವರೆಗೆ ನೆಮ್ಮದಿಯ ಸಾಧನವಾಗಿದ್ದ ಹಾಡು ಆ ಕ್ಷಣದಿಂದ ಜಾಹೀರಾತಿನ ಭಾಗವಾಗುತ್ತದೆ. ಕೇಳಿಸಲು ಪಡೆದ ಪರವಾನಗಿ ಇದಕ್ಕೆ ಸಾಲದು. ದೃಶ್ಯದೊಡನೆ ಸಂಗೀತ ಜೋಡಿಸಲು ಹಕ್ಕುದಾರರ ಪ್ರತ್ಯೇಕ ಅನುಮತಿ ಬೇಕು. ಯೂಟ್ಯೂಬಿನಲ್ಲಿ ಇಂತಹ ಹಾಡುಗಳನ್ನು ತಾನಾಗಿ ಗುರುತಿಸುವ ವ್ಯವಸ್ಥೆ 2007ರಿಂದಲೂ ಇದೆ. ಹಬ್ಬದ ವಾರದಲ್ಲಿ ವಿಡಿಯೋ ಮೌನವಾದರೆ ಅಥವಾ ಖಾತೆಯೇ ಸ್ಥಗಿತಗೊಂಡರೆ ಆಗುವ ಹಾನಿ ಪರವಾನಗಿಯ ಶುಲ್ಕಕ್ಕಿಂತ ಎಷ್ಟೋ ಪಾಲು ಹೆಚ್ಚು.

ಪರಿಹಾರ ಕಠಿಣವಲ್ಲ. ವಿಡಿಯೋ ತೆಗೆಯುವಾಗ ಸಂಗೀತ ನಿಲ್ಲಿಸಬೇಕು, ಅಥವಾ ಧ್ವನಿಯನ್ನು ಅಳಿಸಿ ವಾಣಿಜ್ಯ ಬಳಕೆಗೆ ಅನುಮತಿಯಿರುವ ಸಂಗೀತವನ್ನು ಸೇರಿಸಬೇಕು. ಉಚಿತ ಎಂಬ ಹಣೆಪಟ್ಟಿ ಇರುವುದೆಲ್ಲವೂ ವ್ಯಾಪಾರಕ್ಕೆ ಉಚಿತವಲ್ಲ. ಷರತ್ತುಗಳನ್ನು ಓದಿ ಅದರ ಪ್ರತಿಯನ್ನು ಕಡತದಲ್ಲಿ ಇಡಬೇಕು. ಸ್ಥಳೀಯ ಕೊಳಲು ಅಥವಾ ವೀಣಾ ವಾದಕರಿಗೆ ಸಂಭಾವನೆ ನೀಡಿ, ಹಕ್ಕುಸ್ವಾಮ್ಯವಿಲ್ಲದ ಪ್ರಾಚೀನ ಕೃತಿಗಳನ್ನು ನುಡಿಸಿ ಮುದ್ರಿಸಿಕೊಂಡು, ಅದರ ಹಕ್ಕುಗಳ ಬಗ್ಗೆ ಲಿಖಿತ ಒಪ್ಪಂದ ಮಾಡಿಕೊಳ್ಳುವುದು ಮತ್ತೊಂದು ದಾರಿ. ಹಲವು ವರ್ತಕರು ಕೂಡಿ ಮಾಡಿದರೆ ವೆಚ್ಚ ಹಂಚಿಹೋಗುತ್ತದೆ, ಕಲಾವಿದರಿಗೂ ನ್ಯಾಯವಾದ ಪ್ರತಿಫಲ ದೊರೆಯುತ್ತದೆ.

ಪರವಾನಗಿ ಶುಲ್ಕವನ್ನು ಪ್ರಚಾರ ವೆಚ್ಚದಡಿ ದಾಖಲಿಸಿ, ಬಿಲ್ಲು ಮತ್ತು ಒಪ್ಪಂದಪತ್ರಗಳನ್ನು ಕಾಯ್ದಿರಿಸಬೇಕು. ಜಿಎಸ್‌ಟಿ ನೋಂದಣಿಯುಳ್ಳವರು ನಿಯಮಾನುಸಾರ ಹೂಡುವಳಿ ತೆರಿಗೆ ಜಮೆ ಪಡೆಯಬಹುದು; ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಪಾವತಿ ರಾಯಧನದ ಸ್ವರೂಪದ್ದಾಗಿದ್ದರೆ ಮೂಲದಲ್ಲಿ ತೆರಿಗೆ ಕಡಿತದ ಹೊಣೆ ಬರುತ್ತದೆಯೇ ಎಂಬುದನ್ನು ಪರಿಶೀಲಿಸಿಕೊಳ್ಳುವುದು ಒಳಿತು.

ಇಷ್ಟೆಲ್ಲ ಎಚ್ಚರಿಕೆಯ ಉದ್ದೇಶ ಸಂಗೀತದಿಂದ ದೂರವಿರಿ ಎಂದು ಹೇಳುವುದಲ್ಲ. ಆರಂಭದಲ್ಲಿ ಪ್ರಸ್ತಾಪಿಸಿದ ಜವಳಿ ಅಂಗಡಿಯ ಮಹಿಳೆಗೆ ಬೇಕಾದುದು ಹೆಚ್ಚಿನದೇನಲ್ಲ. ಅವರು ಮೆಚ್ಚಿದ ಹಾಡೊಂದು ಮೆಲ್ಲನೆ ಕೇಳಿಬರಬೇಕು, ಕೈಯಲ್ಲಿ ದಿನನಿತ್ಯ ಮಡಚುವ ಸೀರೆಯೇ ಇರಬೇಕು, 'ನಗಿ' ಎಂದು ಯಾರೂ ಒತ್ತಾಯಿಸಬಾರದು. ಗಿರಾಕಿಗಳು ಇಪ್ಪತ್ತು ವರ್ಷ ಕಂಡ ನಗು ಕ್ಯಾಟಲಾಗಿನಲ್ಲೂ ಕಂಡರೆ ಆ ಪುಟಕ್ಕೆ ಬೇರೆ ಶಿಫಾರಸು ಬೇಕಾಗುವುದಿಲ್ಲ. ಅಂಗಡಿಯ ಬಂಡವಾಳದಲ್ಲಿ ಆ ನಗುವೂ ಸೇರಿದೆಯೆಂಬುದನ್ನು ಆಸ್ತಿ-ಹೊಣೆಗಳ ಪಟ್ಟಿ ತೋರಿಸದಿರಬಹುದು, ಮಾಲೀಕರು ಮಾತ್ರ ಮರೆಯಬಾರದು.